ಸಹಿಗೆ ಸಾಕ್ಷಿ ಯಾರು?

ವೈದ್ಯರು ಚೀಟಿಯಲ್ಲಿ ‘ಆಕ್ಸಿಕೋಡೋನ್, 10 ಮಾತ್ರೆ’ ಎಂದು ಬರೆದುಕೊಡುತ್ತಾರೆ. ಅದೇ ಬಣ್ಣದ ಪೆನ್ನಿನಿಂದ ಒಂದರ ಪಕ್ಕ ಎರಡು ಗೀಟು ಎಳೆದರೆ ಸಾಕು, ಒಂದು ನಾಲ್ಕಾಗುತ್ತದೆ. ಹತ್ತು ಮಾತ್ರೆ ನಲವತ್ತಾಗುತ್ತದೆ. ಅಷ್ಟು ಶ್ರಮವೂ ಬೇಡ ಎನ್ನುವವರು ವೈದ್ಯರ ಮೇಜಿನ ಮೇಲಿನ ಖಾಲಿ ಚೀಟಿಪುಸ್ತಕವನ್ನೇ ಎತ್ತಿಕೊಂಡು ಹೋಗಬಹುದು. ಔಷಧದ ಅಂಗಡಿಯಲ್ಲಿ ನಿಂತ ಫಾರ್ಮಸಿಸ್ಟ್ ಕೈಗೆ ಬರುವುದು ಒಂದು ಕಾಗದ ಮತ್ತು ಅದರ ಮೇಲಿನ ಗೀಚು ಸಹಿ. ಅದು ಅಸಲಿಯೋ ನಕಲಿಯೋ ಎಂಬುದನ್ನು ಅವರು ನಿಂತ ನಿಲುವಿನಲ್ಲೇ ತೀರ್ಮಾನಿಸಬೇಕು. ನಕಲಿಯನ್ನು ನಂಬಿ ಕೊಟ್ಟರೆ ಮಾತ್ರೆಗಳು ಬೀದಿ ವ್ಯಾಪಾರಕ್ಕೆ ಸೇರುತ್ತವೆ. ಅಸಲಿಯನ್ನು ಶಂಕಿಸಿ ವಾಪಸ್ ಕಳಿಸಿದರೆ ಕ್ಯಾನ್ಸರ್ ನೋವು ತಿನ್ನುತ್ತಿರುವ ರೋಗಿಯೊಬ್ಬರು ರಾತ್ರಿಯಿಡೀ ನರಳುತ್ತಾರೆ.

ಅಮೆರಿಕದ ವೈದ್ಯರು ಮತ್ತು ಫಾರ್ಮಸಿಸ್ಟ್‌ಗಳು ದಶಕಗಳ ಕಾಲ ಈ ಇಕ್ಕಟ್ಟಿನಲ್ಲೇ ಕೆಲಸ ಮಾಡಿದರು. 2010ರಲ್ಲಿ ಅಲ್ಲಿನ ಮಾದಕವಸ್ತು ನಿಯಂತ್ರಣ ಇಲಾಖೆಯಾದ ಡಿಇಎ, ನಿಯಂತ್ರಿತ ಔಷಧಗಳನ್ನು ಕಂಪ್ಯೂಟರ್ ಮೂಲಕ ಬರೆಯಲು ಅನುಮತಿ ಕೊಡುವ ನಿಯಮಾವಳಿಯನ್ನು ಪ್ರಕಟಿಸಿತು. ಮಾರ್ಚ್ 31ರಂದು ಪ್ರಕಟವಾಗಿ ಜೂನ್ 1ರಿಂದ ಜಾರಿಗೆ ಬಂದ ಆ ನಿಯಮಗಳು ಓದಲು ಒಣ ಕಾನೂನು. ಆದರೆ ಪ್ರತಿ ಕಲಮಿನ ಹಿಂದೆ ಗಣಿತವಿದೆ, ಗೂಢಲಿಪಿ ಶಾಸ್ತ್ರವಿದೆ, ಮನುಷ್ಯ ಸ್ವಭಾವದ ಲೆಕ್ಕಾಚಾರವಿದೆ. ಒಬ್ಬರೇ ವ್ಯಕ್ತಿ ಎಲ್ಲವನ್ನೂ ಮಾಡಿ, ಎಲ್ಲವನ್ನೂ ಅಳಿಸಿಬಿಡಲು ಸಾಧ್ಯವಾಗದ ಹಾಗೆ ನಂಬಿಕೆಯನ್ನು ಹಲವರಿಗೆ ಹಂಚುವುದು ಹೇಗೆ ಎಂಬ ಪ್ರಶ್ನೆಗೆ ಅವು ಉತ್ತರ ಹುಡುಕುತ್ತವೆ.

ನೋವಿನ ಮದ್ದು, ಉಸಿರಿನ ಅಪಾಯ

ಕೆಲವೇ ಔಷಧಗಳಿಗೆ ಇಷ್ಟೊಂದು ಕಾವಲು ಏಕೆ? ಮಾರ್ಫಿನ್, ಆಕ್ಸಿಕೋಡೋನ್, ಫೆಂಟನಿಲ್ ಮುಂತಾದ ಓಪಿಯಾಯ್ಡ್‌ಗಳು ನಮ್ಮ ನರಕೋಶಗಳ ಮೇಲಿರುವ ‘ಮ್ಯೂ’ ಎಂಬ ಗ್ರಾಹಕಗಳಿಗೆ ಅಂಟಿಕೊಳ್ಳುತ್ತವೆ. ಬೆನ್ನುಹುರಿಯಲ್ಲಿ ಮತ್ತು ಮಿದುಳಿನಲ್ಲಿ ನೋವಿನ ಸಂಕೇತಗಳು ಮುಂದಕ್ಕೆ ಸಾಗದಂತೆ ತಡೆಯುತ್ತವೆ. ಆದರೆ ಅದೇ ಗ್ರಾಹಕಗಳು ಉಸಿರಾಟದ ಲಯವನ್ನು ಕಾಯುವ ಮಿದುಳುಕಾಂಡದಲ್ಲೂ ಇವೆ, ಸುಖದ ಅನುಭವವನ್ನು ನೆನಪಿನಲ್ಲಿ ಬೇರೂರಿಸುವ ನರಮಂಡಲದಲ್ಲೂ ಇವೆ. ಪ್ರಮಾಣ ಹೆಚ್ಚಾದರೆ ಉಸಿರು ನಿಧಾನವಾಗುತ್ತದೆ, ಕೊನೆಗೆ ನಿಲ್ಲುತ್ತದೆ. ದಿನಗಟ್ಟಲೆ ತೆಗೆದುಕೊಂಡರೆ ದೇಹ ಒಗ್ಗಿಕೊಂಡು, ಅಷ್ಟೇ ಪರಿಣಾಮಕ್ಕೆ ಹೆಚ್ಚು ಔಷಧ ಬೇಡುತ್ತದೆ. ನೋವು ನೀಗಿಸುವ ಗುಣವನ್ನು ಮಾತ್ರ ಉಳಿಸಿಕೊಂಡು ಅಪಾಯವನ್ನು ಪೂರ್ತಿ ಬೇರ್ಪಡಿಸುವುದು ರಸಾಯನ ವಿಜ್ಞಾನಕ್ಕೆ ಇನ್ನೂ ಸಾಧ್ಯವಾಗಿಲ್ಲ. ಹಾಗಾಗಿ ಆ ಕೆಲಸವನ್ನು ಕಾನೂನು ಮತ್ತು ದಾಖಲೆಗಳು ಮಾಡಬೇಕಾಗಿದೆ.

ಅಮೆರಿಕದಲ್ಲಿ ಈ ಕಾವಲು 1914ರ ಹ್ಯಾರಿಸನ್ ಕಾಯಿದೆಯಿಂದ ಶುರುವಾಯಿತು. ಅಫೀಮು ಮತ್ತು ಕೊಕೇನ್ ಮಾರುವವರೆಲ್ಲ ಸರ್ಕಾರದಲ್ಲಿ ನೋಂದಾಯಿಸಿಕೊಳ್ಳಬೇಕು, ಚೀಟಿಯ ಮೇಲೆ ವೈದ್ಯರ ಸಹಿ ಮತ್ತು ಆ ದಿನದ ತಾರೀಖು ಇರಬೇಕು, ಅಂಗಡಿಯವರು ಚೀಟಿಯನ್ನು ಎರಡು ವರ್ಷ ಕಾಪಾಡಬೇಕು ಎಂದು ಅದು ಹೇಳಿತು. 1970ರಲ್ಲಿ ಬಂದ ನಿಯಂತ್ರಿತ ವಸ್ತುಗಳ ಕಾಯಿದೆ ಇಂಥ ವಸ್ತುಗಳನ್ನು ಐದು ಶೆಡ್ಯೂಲ್‌ಗಳಾಗಿ ವಿಂಗಡಿಸಿತು. ಮೊದಲನೆಯದರಲ್ಲಿ ಹೆರಾಯಿನ್, ಎಲ್‌ಎಸ್‌ಡಿ; ಇವನ್ನು ಯಾರೂ ಬರೆಯುವಂತಿಲ್ಲ. ಎರಡನೆಯದರಲ್ಲಿ ಮಾರ್ಫಿನ್, ಆಕ್ಸಿಕೋಡೋನ್, ಫೆಂಟನಿಲ್, ಗಮನ ಕೊರತೆಯ ಮಕ್ಕಳಿಗೆ ಕೊಡುವ ಮೀಥೈಲ್‌ಫೆನಿಡೇಟ್; ಒಂದು ಚೀಟಿಗೆ ಒಂದೇ ಸಲ, ಮರುಪೂರಣ ಇಲ್ಲ. ಮೂರು ಮತ್ತು ನಾಲ್ಕರಲ್ಲಿ ಕೆಟಮೀನ್, ಡಯಾಜೆಪಾಮ್, ಆಲ್ಪ್ರಜೋಲಾಮ್, ಟ್ರಮಡಾಲ್. ಆರು ತಿಂಗಳೊಳಗೆ ಐದು ಮರುಪೂರಣಗಳವರೆಗೆ ಅವಕಾಶ. ಐದನೆಯದರಲ್ಲಿ ಅಲ್ಪ ಪ್ರಮಾಣದ ಕೊಡೀನ್ ಇರುವ ಕೆಮ್ಮಿನ ಸಿರಪ್‌ನಂಥವು.

ಇವನ್ನು ಬರೆಯುವ ಪ್ರತಿಯೊಬ್ಬ ವೈದ್ಯರಿಗೂ ಡಿಇಎ ಒಂದು ನೋಂದಣಿ ಸಂಖ್ಯೆ ಕೊಡುತ್ತದೆ. ಅದರಲ್ಲಿ ಎರಡು ಅಕ್ಷರ, ಏಳು ಅಂಕಿ. ಕೊನೆಯ ಅಂಕಿ ಮೊದಲ ಆರರಿಂದ ಹುಟ್ಟುತ್ತದೆ. ಉದಾಹರಣೆಗೆ ಮೊದಲ ಆರು ಅಂಕಿ 123456 ಎಂದಿರಲಿ. ಒಂದು, ಮೂರು, ಐದನೇ ಸ್ಥಾನದವನ್ನು ಕೂಡಿದರೆ 9. ಎರಡು, ನಾಲ್ಕು, ಆರನೇ ಸ್ಥಾನದವನ್ನು ಕೂಡಿ ಎರಡರಿಂದ ಗುಣಿಸಿದರೆ 24. ಎರಡೂ ಸೇರಿ 33. ಅದರ ಬಿಡಿಸ್ಥಾನದ 3 ಏಳನೇ ಅಂಕಿಯಾಗಬೇಕು. ಹಾಗಾಗಿ 1234563 ಲೆಕ್ಕಕ್ಕೆ ಸರಿ, 1234567 ತಪ್ಪು. ಫಾರ್ಮಸಿಸ್ಟ್ ಮನಸ್ಸಿನಲ್ಲೇ ಮಾಡಬಹುದಾದ ಪರೀಕ್ಷೆ ಇದು. ಬಾಯಿಗೆ ಬಂದ ಸಂಖ್ಯೆ ಬರೆದವರನ್ನು ಇದು ಹಿಡಿಯುತ್ತದೆ. ಆದರೆ ಸೂತ್ರ ಗೊತ್ತಿರುವ ವಂಚಕರನ್ನು ಹಿಡಿಯದು. ಕದ್ದ ಚೀಟಿಪುಸ್ತಕದಲ್ಲಂತೂ ಸರಿಯಾದ ಸಂಖ್ಯೆಯೇ ಅಚ್ಚಾಗಿರುತ್ತದೆ. ಎಲ್ಲರಿಗೂ ತಿಳಿದ ಸೂತ್ರ ಕೈತಪ್ಪನ್ನು ತಡೆಯಬಲ್ಲದು, ಮೋಸವನ್ನು ತಡೆಯಲಾರದು. ಮೋಸಕ್ಕೆ ತಡೆ ಹಾಕಲು ಒಬ್ಬರಿಗೆ ಮಾತ್ರ ತಿಳಿದಿರುವ ಗುಟ್ಟು ಬೇಕು.

ಬರೆದವರು ಯಾರು?

ಕಾಗದದ ಚೀಟಿಯ ಮೋಸಕ್ಕೆ ಒಂದು ಮಿತಿಯಿತ್ತು. ಕಳ್ಳ ಒಂದೊಂದೇ ಚೀಟಿ ಬರೆದುಕೊಂಡು ಒಂದೊಂದೇ ಅಂಗಡಿಗೆ ಹೋಗಬೇಕಿತ್ತು. ಕಂಪ್ಯೂಟರಿನಲ್ಲಿ ವೈದ್ಯರ ಪಾಸ್‌ವರ್ಡ್ ಕದ್ದರೆ ಕೂತಲ್ಲಿಂದಲೇ ನೂರಾರು ಚೀಟಿಗಳನ್ನು ನೂರಾರು ಊರಿಗೆ ಕಳಿಸಬಹುದು. ಸಾಮಾನ್ಯ ಔಷಧಗಳಿಗೆ ಇ-ಚೀಟಿ ಬಂದು ವರ್ಷಗಳಾಗಿದ್ದರೂ ನಿಯಂತ್ರಿತ ಔಷಧಗಳಿಗೆ 2010ರವರೆಗೆ ಕಾಯಬೇಕಾಗಿ ಬಂದದ್ದು ಈ ಭಯದಿಂದ.

ಆದ್ದರಿಂದ ನಿಯಮಾವಳಿ ಮೊದಲು ಕೈಹಾಕಿದ್ದು ಗುರುತಿನ ಪ್ರಶ್ನೆಗೆ. ಚೀಟಿ ಬರೆಯುವ ಸೌಲಭ್ಯ ಸಿಗುವ ಮೊದಲೇ ವೈದ್ಯರು ತಾವು ಯಾರೆಂಬುದನ್ನು ಸ್ವತಂತ್ರ ಸಂಸ್ಥೆಯೊಂದರ ಎದುರು ಸಾಬೀತುಪಡಿಸಬೇಕು. ತಂತ್ರಾಂಶ ಮಾರುವವರ ಮಾತು ಸಾಲದು. ಸರ್ಕಾರದ ಮಾನದಂಡಕ್ಕೆ ಒಪ್ಪುವ ಪರಿಶೀಲನೆಯಾದ ಬಳಿಕ ಆ ಸಂಸ್ಥೆ ವೈದ್ಯರಿಗೆ ರುಜುವಾತು ಸಾಧನ ಕೊಡುತ್ತದೆ. ಅದನ್ನೂ ಎರಡು ಬೇರೆ ಬೇರೆ ದಾರಿಗಳಲ್ಲಿ ತಲುಪಿಸಬೇಕು. ಒಂದು ಭಾಗ ಅಂಚೆಯಲ್ಲಿ ಬಂದರೆ ಇನ್ನೊಂದು ಫೋನ್ ಅಥವಾ ಇಮೇಲ್ ಮೂಲಕ. ಅಂಚೆಪೆಟ್ಟಿಗೆಗೆ ಕೈಹಾಕಿದವರಿಗೆ ಇಮೇಲ್ ಸಿಗುವುದಿಲ್ಲ, ಇಮೇಲ್ ಕದ್ದವರಿಗೆ ಅಂಚೆ ಸಿಗುವುದಿಲ್ಲ. ದೊಡ್ಡ ಆಸ್ಪತ್ರೆಗಳು ತಮ್ಮ ವೈದ್ಯರ ಗುರುತನ್ನು ತಾವೇ ಪರಿಶೀಲಿಸಬಹುದು, ಏಕೆಂದರೆ ಅಲ್ಲಿ ಮುಖತಃ ನೋಡಿ ಬಲ್ಲವರಿರುತ್ತಾರೆ.

ಎರಡನೆಯ ಹೆಜ್ಜೆ ಪ್ರತಿ ಸಹಿಯ ಹೊತ್ತಿನಲ್ಲಿ. ನಮ್ಮ ಗುರುತನ್ನು ಮೂರು ರೀತಿಯಲ್ಲಿ ರುಜುವಾತು ಮಾಡಬಹುದು: ನಮಗೆ ಮಾತ್ರ ಗೊತ್ತಿರುವ ಪಾಸ್‌ವರ್ಡ್, ನಮ್ಮ ಬಳಿ ಮಾತ್ರ ಇರುವ ಸಾಧನ, ನಮ್ಮ ದೇಹದ ಗುರುತು. ಈ ಮೂರರಲ್ಲಿ ಎರಡು ಸೇರಲೇಬೇಕು. ಸಾಧನವನ್ನೇ ಆರಿಸಿದರೆ ಅದು ಚೀಟಿ ಬರೆಯುವ ಕಂಪ್ಯೂಟರಿನಿಂದ ಬೇರೆಯಾಗಿರಬೇಕು. ಬೆರಳಚ್ಚನ್ನೋ ಕಣ್ಣಿನ ಗುರುತನ್ನೋ ಆರಿಸಿದರೆ, ಬೇರೆಯವರನ್ನು ವೈದ್ಯರೆಂದು ತಪ್ಪಾಗಿ ಒಪ್ಪಿಕೊಳ್ಳುವ ಸಾಧ್ಯತೆ ಸಾವಿರಕ್ಕೆ ಒಂದನ್ನು ಮೀರಬಾರದು. ಸಾವಿರಕ್ಕೆ ಒಂದು ಎಂಬುದು ಒಂಟಿಯಾಗಿ ಸಣ್ಣ ರಕ್ಷಣೆಯೇ. ಆದರೆ ಜೊತೆಗೆ ಪಾಸ್‌ವರ್ಡ್ ಅಥವಾ ಸಾಧನವೂ ಬೇಕಾದಾಗ, ಎರಡೂ ಒಟ್ಟಿಗೆ ಸೋಲುವ ಸಂಭವ ಬಹಳ ಕಡಿಮೆಯಾಗುತ್ತದೆ.

ಕೈಯಲ್ಲಿ ಹಿಡಿಯುವ ಟೋಕನ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಬಗೆಯೊಂದು ಹೀಗೆ ಕೆಲಸ ಮಾಡುತ್ತದೆ. ಅದರೊಳಗೆ ಒಂದು ಉದ್ದನೆಯ ರಹಸ್ಯ ಸಂಖ್ಯೆ ಅಡಗಿದೆ. ಅದೇ ಸಂಖ್ಯೆ ಪರಿಶೀಲಿಸುವ ಸರ್ವರ್‌ನಲ್ಲೂ ಇದೆ. ಟೋಕನ್ ಕಾಲವನ್ನು ಸಾಮಾನ್ಯವಾಗಿ 30 ಸೆಕೆಂಡಿನ ತುಣುಕುಗಳಾಗಿ ಎಣಿಸುತ್ತದೆ. ಆ ಎಣಿಕೆಯನ್ನೂ ರಹಸ್ಯ ಸಂಖ್ಯೆಯನ್ನೂ ಸೇರಿಸಿ, ಹಿಂದಕ್ಕೆ ಬಿಡಿಸಲಾಗದ ಗಣಿತ ಕ್ರಿಯೆಯೊಂದಕ್ಕೆ ಒಳಪಡಿಸಿ, ಬಂದ ಫಲಿತಾಂಶದಿಂದ ಆರು ಅಂಕಿಗಳನ್ನು ತೋರಿಸುತ್ತದೆ. ಸರ್ವರ್ ಅದೇ ಲೆಕ್ಕವನ್ನು ತನ್ನಲ್ಲಿ ಮಾಡಿ ತಾಳೆ ನೋಡುತ್ತದೆ. ಬ್ಯಾಂಕಿನ ಒಟಿಪಿ ನಮಗೆಲ್ಲ ಪರಿಚಿತ. ಆದರೆ ಎಸ್‌ಎಂಎಸ್ ಒಟಿಪಿ ಮೊಬೈಲ್ ಜಾಲದಲ್ಲಿ ಹಾದು ಬರುತ್ತದೆ. ಇಲ್ಲಿ ಗುಟ್ಟು ಸಾಧನದೊಳಗೇ ಇದೆ, ಅಂಕಿಗಳೂ ಅಲ್ಲೇ ಹುಟ್ಟುತ್ತವೆ.

ಇಷ್ಟೆಲ್ಲ ಆದ ಮೇಲೂ ವೈದ್ಯರೇ ತಮ್ಮ ಟೋಕನ್ನನ್ನು ಸಹಾಯಕರ ಕೈಗೆ ಕೊಟ್ಟುಬಿಟ್ಟರೆ? ಕೆಲಸದ ಒತ್ತಡದಲ್ಲಿ ಹಾಗೆ ಮಾಡಲು ಮನಸ್ಸಾಗುವುದು ಸಹಜ. ನಿಯಮ ಅದನ್ನು ಖಡಾಖಂಡಿತವಾಗಿ ನಿಷೇಧಿಸುತ್ತದೆ. ನರ್ಸ್ ಅಥವಾ ಗುಮಾಸ್ತರು ರೋಗಿಯ ಹೆಸರು, ಔಷಧದ ವಿವರ ತುಂಬಿಡಬಹುದು. ಸಹಿ ಮಾತ್ರ ವೈದ್ಯರದೇ ಆಗಿರಬೇಕು. ಟೋಕನ್ ಕಳೆದುಹೋದದ್ದು ಗೊತ್ತಾದ ಮೇಲೆ ಒಂದು ಕೆಲಸದ ದಿನದೊಳಗೆ ತಿಳಿಸಬೇಕು. ತಡಮಾಡಿದರೆ ಆ ಟೋಕನ್ನಿನಿಂದ ಹೋದ ಚೀಟಿಗಳ ಹೊಣೆ ಅವರ ಮೇಲೆಯೇ ಬೀಳಬಹುದು.

ಚೀಟಿ ಬರೆಯುವ ಅಧಿಕಾರವನ್ನು ತಂತ್ರಾಂಶದಲ್ಲಿ ತೆರೆದುಕೊಡುವವರು ಯಾರು? ಅದಕ್ಕೂ ಇಬ್ಬರು ಬೇಕು. ಒಬ್ಬರು ಹೆಸರನ್ನು ನಮೂದಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ. ಸಣ್ಣ ಕ್ಲಿನಿಕ್‌ಗಳಲ್ಲಿ ಅನುಮೋದಿಸುವವರು ಸ್ವತಃ ಡಿಇಎ ನೋಂದಣಿ ಇರುವ ವೈದ್ಯರಾಗಿದ್ದು, ತಮ್ಮ ಎರಡು ರುಜುವಾತುಗಳನ್ನು ಕೊಟ್ಟೇ ಒಪ್ಪಿಗೆ ಸೂಚಿಸಬೇಕು. ಬ್ಯಾಂಕ್ ಲಾಕರ್ ತೆರೆಯಲು ಗ್ರಾಹಕರ ಕೀಲಿ ಮತ್ತು ಬ್ಯಾಂಕಿನ ಕೀಲಿ ಎರಡೂ ತಿರುಗಬೇಕಾದ ಹಾಗೆ, ಇಲ್ಲಿಯೂ ಒಂದೇ ಕೈಯಿಂದ ಬಾಗಿಲು ತೆರೆಯುವುದಿಲ್ಲ. ಕಂಪ್ಯೂಟರ್ ವಿಭಾಗದ ಒಬ್ಬ ನೌಕರ ಮನಸ್ಸು ಮಾಡಿದರೂ ನಕಲಿ ವೈದ್ಯರನ್ನು ಸೃಷ್ಟಿಸಲಾಗದು. ವೈದ್ಯರ ನೋಂದಣಿ ಮುಗಿದರೆ ಅಥವಾ ರದ್ದಾದರೆ ಅವರ ಅಧಿಕಾರವೂ ಆಗಲೇ ಮುಚ್ಚಬೇಕು.

ಬರೆದದ್ದು ಏನು?

ಸಹಿ ಹಾಕುವ ಮುನ್ನ ಪರದೆಯ ಮೇಲೆ ರೋಗಿಯ ಹೆಸರು, ಔಷಧ, ಅದರ ಸಾಮರ್ಥ್ಯ, ರೂಪ, ಎಷ್ಟು, ಹೇಗೆ ಸೇವಿಸಬೇಕು ಎಂಬುದೆಲ್ಲ ಕಾಣಬೇಕು. ಈ ರುಜುವಾತು ಪೂರ್ಣಗೊಳಿಸುವುದೆಂದರೆ ಕಾನೂನುಬದ್ಧವಾಗಿ ಸಹಿ ಹಾಕಿದಂತೆ ಎಂಬ ಹೇಳಿಕೆಯೂ ಅಲ್ಲಿರಬೇಕು. ಒಬ್ಬ ರೋಗಿಯ ಹಲವು ಔಷಧಗಳಿಗೆ ಒಂದೇ ರುಜುವಾತು ಸಾಕು. ಹಲವು ರೋಗಿಗಳ ಚೀಟಿಗಳನ್ನು ಸಂಜೆ ಗುಡ್ಡೆಹಾಕಿ ಒಂದೇ ಸಲ ಸಹಿ ಮಾಡುವಂತಿಲ್ಲ. ಪ್ರತಿ ರೋಗಿಯನ್ನೂ ಪ್ರತ್ಯೇಕವಾಗಿ ನೋಡಿ ತೀರ್ಮಾನಿಸಬೇಕು ಎಂಬ ವೈದ್ಯಧರ್ಮವನ್ನು ಇಲ್ಲಿ ತಂತ್ರಾಂಶದೊಳಗೇ ಬರೆದಿಟ್ಟಿದ್ದಾರೆ.

ರುಜುವಾತು ಮುಗಿದ ಕ್ಷಣದಲ್ಲೇ ತಂತ್ರಾಂಶ ಚೀಟಿಗೆ ಡಿಜಿಟಲ್ ಸಹಿ ಹಾಕಿ ಅದನ್ನು ಸಂಗ್ರಹಿಸಬೇಕು. ಇದರಲ್ಲಿ ಎರಡು ಗಣಿತಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಮೊದಲನೆಯದು ಹ್ಯಾಶ್. ಚೀಟಿ ಎಷ್ಟೇ ಉದ್ದವಿರಲಿ, ಅದರ ಎಲ್ಲ ಅಕ್ಷರಗಳನ್ನೂ ಕಲಸಿ ನಿಗದಿತ ಉದ್ದದ ಒಂದು ಸಂಖ್ಯೆಯನ್ನು ಹ್ಯಾಶ್ ಕ್ರಿಯೆ ಕೊಡುತ್ತದೆ. ಬಹುವಾಗಿ ಬಳಕೆಯಲ್ಲಿರುವ ‘ಶಾ-256’ ಕೊಡುವ ಸಂಖ್ಯೆಯಲ್ಲಿ 256 ಬಿಟ್‌ಗಳಿವೆ. ಹಾಗೆ ಬರಬಹುದಾದ ಒಟ್ಟು ಸಂಖ್ಯೆಗಳನ್ನು ಎಣಿಸಿದರೆ ಆ ಎಣಿಕೆಯನ್ನು ಬರೆಯಲು 78 ಅಂಕಿಗಳು ಬೇಕು. ಚೀಟಿಯಲ್ಲಿ 10 ಇದ್ದದ್ದನ್ನು 40 ಮಾಡಿದರೆ, ಬದಲಾದದ್ದು ಒಂದೇ ಅಕ್ಷರವಾದರೂ ಹ್ಯಾಶ್‌ನ ಸುಮಾರು ಅರ್ಧದಷ್ಟು ಬಿಟ್‌ಗಳು ಅಡಿಮೇಲಾಗುತ್ತವೆ. ಬೇಕಾದ ಹ್ಯಾಶ್ ಬರುವಂತೆ ಬೇರೊಂದು ಚೀಟಿಯನ್ನು ಹೊಂದಿಸಿ ಬರೆಯುವುದು ಇಂದಿನ ಯಾವ ಕಂಪ್ಯೂಟರಿಗೂ ಸಾಧ್ಯವಿಲ್ಲ.

ಆದರೆ ಹ್ಯಾಶ್ ಒಂದೇ ಸಾಲದು. ಚೀಟಿ ತಿದ್ದಿದವರು ಹೊಸ ಹ್ಯಾಶ್ ಅನ್ನೂ ಲೆಕ್ಕಹಾಕಿ ಅಂಟಿಸಬಹುದು. ಅದನ್ನು ತಡೆಯುವುದು ಎರಡನೆಯ ಗಣಿತ. 1976ರಲ್ಲಿ ಸ್ಟ್ಯಾನ್‌ಫರ್ಡ್‌ನ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್, ಜೋಡಿ ಕೀಲಿಗಳ ಗೂಢಲಿಪಿಯ ಕಲ್ಪನೆಯನ್ನು ಜಗತ್ತಿನ ಮುಂದಿಟ್ಟರು. ಮರುವರ್ಷ ಎಂಐಟಿಯ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ಅದನ್ನು ಕಾರ್ಯಸಾಧ್ಯ ಮಾಡಿದರು. ಒಂದು ಕೀಲಿ ಗುಟ್ಟಾಗಿ ಉಳಿಯುತ್ತದೆ, ಅದರ ಜೊತೆಗಾರ ಕೀಲಿ ಬಹಿರಂಗವಾಗಿರುತ್ತದೆ. ಗುಪ್ತ ಕೀಲಿಯಿಂದ ಹ್ಯಾಶ್‌ಗೆ ಹಾಕಿದ ಸಹಿಯನ್ನು ಬಹಿರಂಗ ಕೀಲಿ ಹಿಡಿದ ಯಾರು ಬೇಕಾದರೂ ಪರೀಕ್ಷಿಸಬಹುದು. ಆದರೆ ಬಹಿರಂಗ ಕೀಲಿಯಿಂದ ಹೊಸ ಸಹಿ ಸೃಷ್ಟಿಸಲಾಗದು. ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಅವನ್ನು ಮರಳಿ ಬಿಡಿಸುವುದು ಅತಿ ಕಷ್ಟ ಎಂಬ ಸತ್ಯದ ಮೇಲೆ ಎಂಐಟಿಯವರ ವಿಧಾನ ನಿಂತಿದೆ. ಅಮೆರಿಕದ ನಿಯಮ ಇಂಥ ಸಹಿಗೆ ಎರಡು ದಾರಿ ಇಟ್ಟಿದೆ: ವೈದ್ಯರು ತಮ್ಮದೇ ಗುಪ್ತ ಕೀಲಿಯಿಂದ ಸಹಿ ಹಾಕಬಹುದು, ಅಥವಾ ಅವರ ರುಜುವಾತು ಆದ ಕೂಡಲೇ ತಂತ್ರಾಂಶ ತನ್ನ ಕೀಲಿಯಿಂದ ಹಾಕಬಹುದು.

ಚೀಟಿ ವೈದ್ಯರಿಂದ ಔಷಧ ಅಂಗಡಿಗೆ ಹೋಗುವಾಗ ನಡುವೆ ಹಲವು ಜಾಲಗಳನ್ನು ದಾಟುತ್ತದೆ. ಒಂದು ತಂತ್ರಾಂಶದ ವಿನ್ಯಾಸದಿಂದ ಇನ್ನೊಂದಕ್ಕೆ ಹೊಂದಿಸುವುದಷ್ಟೇ ಆ ಮಧ್ಯವರ್ತಿಗಳ ಕೆಲಸ. ಒಳಗಿನ ವಿಷಯ ಮುಟ್ಟುವಂತಿಲ್ಲ, ಫ್ಯಾಕ್ಸ್ ಆಗಿ ಬದಲಿಸುವಂತೆಯೂ ಇಲ್ಲ. ಅಂಗಡಿ ತಲುಪಿದಾಗ ಕೊನೆಯ ಮಧ್ಯವರ್ತಿಯೋ ಅಂಗಡಿಯ ತಂತ್ರಾಂಶವೋ ಮತ್ತೊಮ್ಮೆ ಡಿಜಿಟಲ್ ಸಹಿ ಹಾಕಿ ಬಂದದ್ದನ್ನು ಬಂದಂತೆಯೇ ಭದ್ರಪಡಿಸುತ್ತದೆ. ಹೊರಟಾಗಿನ ಪ್ರತಿ ಒಂದು ಕಡೆ, ತಲುಪಿದಾಗಿನ ಪ್ರತಿ ಇನ್ನೊಂದು ಕಡೆ. ಎರಡಕ್ಕೂ ವ್ಯತ್ಯಾಸ ಕಂಡರೆ ತಪ್ಪು ನಡೆದದ್ದು ನಡುದಾರಿಯಲ್ಲಿ ಎಂದು ತನಿಖೆ ಮಾಡುವವರಿಗೆ ತಿಳಿಯುತ್ತದೆ. ರೋಗಿಯ ಕೈಗೆ ಮುದ್ರಿತ ಪ್ರತಿ ಕೊಟ್ಟರೆ ಅದು ನಕಲು ಮಾತ್ರ, ಔಷಧ ಪಡೆಯಲು ಸಲ್ಲದು ಎಂದು ಅದರ ಮೇಲೆ ಅಚ್ಚಾಗಿರಬೇಕು.

ಯಾವಾಗ, ಯಾರ ಕಣ್ಣೆದುರು?

ಪ್ರತಿ ಸಹಿಗೆ ಸಮಯದ ಮುದ್ರೆ ಬೇಕು. ತಂತ್ರಾಂಶದ ಗಡಿಯಾರ ಅಮೆರಿಕದ ರಾಷ್ಟ್ರೀಯ ಮಾನದಂಡ ಸಂಸ್ಥೆ ‘ನಿಸ್ಟ್’ ಸಾರುವ ಅಧಿಕೃತ ಸಮಯಕ್ಕಿಂತ ಐದು ನಿಮಿಷಕ್ಕೂ ಹೆಚ್ಚು ಆಚೀಚೆ ಇರಬಾರದು. ವೈದ್ಯರು ರಜೆಯಲ್ಲಿದ್ದ ದಿನದ ಚೀಟಿ, ಕ್ಲಿನಿಕ್ ಮುಚ್ಚಿದ ಮಧ್ಯರಾತ್ರಿಯ ಚೀಟಿ, ಎರಡೇ ನಿಮಿಷದಲ್ಲಿ ದೂರದೂರದ ಊರುಗಳಿಗೆ ಹೋದ ಚೀಟಿ, ಇವೆಲ್ಲ ಗಡಿಯಾರ ಸರಿಯಿದ್ದಾಗ ಮಾತ್ರ ಕಣ್ಣಿಗೆ ಬೀಳುತ್ತವೆ.

ತಂತ್ರಾಂಶದೊಳಗೆ ಇನ್ನೊಂದು ದಿನಚರಿ ತಾನಾಗಿಯೇ ಬರೆದುಕೊಳ್ಳುತ್ತಿರುತ್ತದೆ. ಯಾರು ಯಾವಾಗ ಒಳಬಂದರು, ಯಾರಿಗೆ ಅಧಿಕಾರ ಕೊಡಲಾಯಿತು ಅಥವಾ ಬದಲಿಸಲಾಯಿತು, ಯಾರು ಅನುಮತಿಯಿಲ್ಲದೆ ತಿದ್ದಲು ಹೊರಟರು ಎಂಬುದನ್ನೆಲ್ಲ ಅದು ದಾಖಲಿಸುತ್ತದೆ. ಇದೇ ಲೆಕ್ಕಪರಿಶೋಧನೆಯ ಜಾಡು. ದಿನಕ್ಕೊಮ್ಮೆಯಾದರೂ ತಂತ್ರಾಂಶ ಈ ಜಾಡನ್ನು ತಾನೇ ಪರಿಶೀಲಿಸಿ, ಭದ್ರತಾ ಘಟನೆ ಕಂಡರೆ ವರದಿ ತಯಾರಿಸಬೇಕು. ಅದು ನಿಜವಾಗಿಯೂ ಭದ್ರತೆಗೆ ಬಂದ ಧಕ್ಕೆ ಎಂದು ತಿಳಿದರೆ ಒಂದು ಕೆಲಸದ ದಿನದೊಳಗೆ ತಂತ್ರಾಂಶ ಒದಗಿಸಿದವರಿಗೂ ಡಿಇಎಗೂ ತಿಳಿಸಬೇಕು. ಪ್ರತಿ ತಿಂಗಳು ಮುಗಿದ ಏಳು ದಿನದೊಳಗೆ, ಹಿಂದಿನ ತಿಂಗಳು ವೈದ್ಯರ ಹೆಸರಿನಲ್ಲಿ ಹೋದ ಎಲ್ಲ ನಿಯಂತ್ರಿತ ಔಷಧಗಳ ಪಟ್ಟಿ ಅವರ ಕೈ ಸೇರಬೇಕು. ತಮ್ಮ ಹೆಸರಿನಲ್ಲಿ ಬೇರೆ ಯಾರಾದರೂ ಬರೆಯುತ್ತಿದ್ದರೆ ಅದನ್ನು ಎಲ್ಲರಿಗಿಂತ ಮೊದಲು ಗುರುತಿಸಬಲ್ಲವರು ಆ ವೈದ್ಯರೇ.

ಈ ದಾಖಲೆಗಳನ್ನೆಲ್ಲ ಎರಡು ವರ್ಷ ಉಳಿಸಬೇಕು. 1914ರ ಕಾಯಿದೆ ಕಾಗದಕ್ಕೆ ನಿಗದಿ ಮಾಡಿದ್ದೂ ಅದೇ ಅವಧಿ. ವ್ಯತ್ಯಾಸ ಬೇರೆ ಕಡೆ ಇದೆ. ಕಂಪ್ಯೂಟರಿನಲ್ಲಿ ಹುಟ್ಟಿ, ಕಂಪ್ಯೂಟರಿನಲ್ಲೇ ಸಹಿಯಾಗಿ, ಕಂಪ್ಯೂಟರಿಗೇ ತಲುಪಿದ ಚೀಟಿಯನ್ನು ಕಂಪ್ಯೂಟರ್ ದಾಖಲೆಯಾಗಿಯೇ ಉಳಿಸಬೇಕು; ಮುದ್ರಿಸಿ ಫೈಲ್‌ಗೆ ಸೇರಿಸಿದರೆ ಸಾಲದು. ಮುದ್ರಿಸಿದ ಕೂಡಲೇ ಹ್ಯಾಶ್, ಸಹಿ, ಸಮಯಮುದ್ರೆಗಳ ಸಾಕ್ಷ್ಯವೆಲ್ಲ ಕಳಚಿಹೋಗುತ್ತದೆ. ಕೇಳಿದಾಗ ಔಷಧ, ವೈದ್ಯರು, ರೋಗಿ, ತಾರೀಖು ಹೀಗೆ ಯಾವುದರ ಪ್ರಕಾರ ಬೇಕಾದರೂ ವಿಂಗಡಿಸಿ ಕೊಡುವಂತಿರಬೇಕು. ಔಷಧ ಅಂಗಡಿಯ ತಂತ್ರಾಂಶ ಈ ದಾಖಲೆಗಳ ಬ್ಯಾಕಪ್ ಅನ್ನು ಪ್ರತಿದಿನ ತೆಗೆಯಬೇಕು.

ಇಷ್ಟೆಲ್ಲ ಕಾಯುವ ತಂತ್ರಾಂಶವನ್ನು ಕಾಯುವವರು ಯಾರು? ತಯಾರಿಸಿದ ಕಂಪನಿಯ ಭರವಸೆಯನ್ನು ನಿಯಮ ಒಪ್ಪುವುದಿಲ್ಲ. ಬಳಕೆಗೆ ಬರುವ ಮೊದಲು, ಸಂಬಂಧಪಟ್ಟ ಭಾಗ ಬದಲಾದಾಗ, ಮತ್ತು ಹೇಗೂ ಎರಡು ವರ್ಷಕ್ಕೊಮ್ಮೆ ಸ್ವತಂತ್ರ ಪರಿಶೋಧಕರು ಅಥವಾ ಮಾನ್ಯತೆ ಪಡೆದ ಪ್ರಮಾಣೀಕರಣ ಸಂಸ್ಥೆ ಅದನ್ನು ಪರೀಕ್ಷಿಸಬೇಕು.

ಯಂತ್ರ ಕೇಳದ ಪ್ರಶ್ನೆ

ಯಾರು, ಏನು, ಯಾವಾಗ ಎಂಬ ಮೂರಕ್ಕೂ ಗಣಿತ ಉತ್ತರ ಕೊಟ್ಟಿತು. ಉಳಿದದ್ದು ನಾಲ್ಕನೆಯದು: ಈ ರೋಗಿಗೆ ಈ ಔಷಧ ಬೇಕಿತ್ತೇ?

ಅಮೆರಿಕದ ಓಪಿಯಾಯ್ಡ್ ವ್ಯಸನದ ದುರಂತದ ಬೇರು ಇರುವುದು ಈ ಪ್ರಶ್ನೆಯಲ್ಲಿ. 1996ರಲ್ಲಿ ಆಕ್ಸಿಕಾಂಟಿನ್ ಎಂಬ ಆಕ್ಸಿಕೋಡೋನ್ ಮಾತ್ರೆ ಮಾರುಕಟ್ಟೆಗೆ ಬಂತು. ಅದರ ವ್ಯಸನದ ಅಪಾಯ ಕಡಿಮೆಯೆಂದು ವೈದ್ಯರಿಗೆ ಹೇಳಲಾಯಿತು. ತಯಾರಕ ಪರ್ಡ್ಯೂ ಫಾರ್ಮಾಗೆ ಸಂಬಂಧಿಸಿದ ಕಂಪನಿಯೊಂದು 2007ರಲ್ಲಿ ಹೀಗೆ ತಪ್ಪಾಗಿ ಬಿಂಬಿಸಿದ್ದಕ್ಕಾಗಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಆ ಹತ್ತು ವರ್ಷಗಳಲ್ಲಿ ಊರೂರಿಗೆ ಹರಿದ ಮಾತ್ರೆಗಳಲ್ಲಿ ಬಹಳಷ್ಟು ಅಸಲಿ ವೈದ್ಯರು ಅಸಲಿ ಸಹಿ ಹಾಕಿ ಬರೆದವು. ಡಿಜಿಟಲ್ ಸಹಿ ಆಗಲೇ ಇದ್ದಿದ್ದರೆ ಅದು ಆ ಚೀಟಿಗಳನ್ನೂ ಅಷ್ಟೇ ನಿಷ್ಠೆಯಿಂದ ದೃಢೀಕರಿಸುತ್ತಿತ್ತು. ಮುಂದೆ ಚೀಟಿಗಳಿಗೆ ಕಡಿವಾಣ ಬಿದ್ದಾಗ, ವ್ಯಸನಕ್ಕೆ ಸಿಲುಕಿದ್ದವರಲ್ಲಿ ಅನೇಕರು ಹೆರಾಯಿನ್ ಮತ್ತು ಅಕ್ರಮ ಫೆಂಟನಿಲ್ ಕಡೆ ಹೊರಳಿದರು. 2021ರಲ್ಲಿ ಮಾದಕದ್ರವ್ಯಗಳ ಅತಿಸೇವನೆಯಿಂದ ಆ ದೇಶದಲ್ಲಿ 1,06,699 ಜನ ಸತ್ತರು. ಅವುಗಳಲ್ಲಿ ಸುಮಾರು ಮೂರನೇ ಎರಡು ಪಾಲು ಸಾವುಗಳಲ್ಲಿ ಫೆಂಟನಿಲ್‌ನಂಥ ಕೃತಕ ಓಪಿಯಾಯ್ಡ್‌ಗಳ ಕೈವಾಡವಿತ್ತು. ಅಕ್ರಮ ಫೆಂಟನಿಲ್‌ಗೆ ಚೀಟಿಯೂ ಇಲ್ಲ, ದಾಖಲೆಯೂ ಇಲ್ಲ.

ಅಂದಮಾತ್ರಕ್ಕೆ ಇ-ಚೀಟಿಯ ಭದ್ರತೆ ವ್ಯರ್ಥವಲ್ಲ. ನಾಲ್ಕನೆಯ ಪ್ರಶ್ನೆಗೆ ಉತ್ತರಿಸುವವರಿಗೆ ಅದು ಆಧಾರ ಒದಗಿಸುತ್ತದೆ. ಅಮೆರಿಕದ ಕಾನೂನಿನಲ್ಲಿ ಸರಿಯಾದ ವೈದ್ಯಕೀಯ ಉದ್ದೇಶಕ್ಕೆ ಬರೆಯುವ ಹೊಣೆ ವೈದ್ಯರದ್ದಾದರೆ, ಔಷಧ ಕೊಡುವ ಫಾರ್ಮಸಿಸ್ಟ್‌ಗೂ ಅದಕ್ಕೆ ಸರಿಸಮನಾದ ಹೊಣೆಯಿದೆ. ಸಹಿ ಅಸಲಿಯೇ ಎಂಬ ಚಿಂತೆ ತಪ್ಪಿದ ಮೇಲೆ, ಇಷ್ಟು ಪ್ರಮಾಣ ಈ ರೋಗಿಗೆ ಸುರಕ್ಷಿತವೇ ಎಂಬ ನಿಜವಾದ ವೃತ್ತಿಪರ ಪ್ರಶ್ನೆಗೆ ಅವರು ಗಮನ ಕೊಡಬಹುದು. ರೋಗಿ ಬೇರೆಡೆಯಿಂದಲೂ ಇದೇ ಔಷಧ ಪಡೆಯುತ್ತಿದ್ದಾರೆಯೇ ಎಂದು ನೋಡಲು ರಾಜ್ಯಗಳ ಚೀಟಿ ನಿಗಾ ಕೋಶಗಳಿವೆ. 1939ರಲ್ಲಿ ಕ್ಯಾಲಿಫೋರ್ನಿಯಾ ಶುರುಮಾಡಿದ ಈ ಕ್ರಮಕ್ಕೆ ಕೊನೆಯದಾಗಿ 2021ರಲ್ಲಿ ಮಿಸೌರಿ ಕಾನೂನು ಮಾಡಿತು.

ಕ್ರಮೇಣ ಅನುಮತಿ ಕಡ್ಡಾಯವಾಯಿತು. ನ್ಯೂಯಾರ್ಕ್ ರಾಜ್ಯ 2016ರ ಮಾರ್ಚ್ 27ರಿಂದ ಇ-ಚೀಟಿಯನ್ನು ದಂಡನೆಯ ಎಚ್ಚರಿಕೆಯೊಂದಿಗೆ ಜಾರಿಗೆ ತಂದಿತು. 2018ರ ಅಕ್ಟೋಬರ್‌ನಲ್ಲಿ ಬಂದ ಕೇಂದ್ರ ಕಾನೂನು, ಮೆಡಿಕೇರ್ ವಿಮೆಯ ಔಷಧ ಯೋಜನೆಯಡಿ ಬರೆಯುವ ನಿಯಂತ್ರಿತ ಔಷಧಗಳಿಗೆ ಇದನ್ನು ಕಡ್ಡಾಯ ಮಾಡಿತು. ಕಡ್ಡಾಯವಾದಾಗ ರೋಗಿಗಳ ಕಡೆಯಿಂದ ಹೊಸ ಕಷ್ಟವೊಂದು ಎದ್ದಿತು. ಕಾಗದವಿದ್ದರೆ ಒಂದು ಅಂಗಡಿಯಲ್ಲಿ ಔಷಧ ಇಲ್ಲದಾಗ ಪಕ್ಕದ ಅಂಗಡಿಗೆ ಹೋಗಬಹುದಿತ್ತು. ಇ-ಚೀಟಿ ಮೊದಲ ಅಂಗಡಿಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ವೈದ್ಯರಿಂದ ಮತ್ತೆ ಹೊಸದು ಬರೆಸಬೇಕಿತ್ತು. ರೋಗಿ ಕೇಳಿದರೆ ಒಂದು ಸಲ ಬೇರೆ ಅಂಗಡಿಗೆ ವಿದ್ಯುನ್ಮಾನ ರೂಪದಲ್ಲೇ ವರ್ಗಾಯಿಸಬಹುದು ಎಂಬ ತಿದ್ದುಪಡಿ ಜಾರಿಗೆ ಬಂದದ್ದು 2023ರ ಆಗಸ್ಟ್ 28ರಂದು. ಒಂದು ಸರಳ ಅನುಕೂಲಕ್ಕೆ ನೋವಿನ ರೋಗಿಗಳು ಹದಿಮೂರು ವರ್ಷ ಕಾಯಬೇಕಾಯಿತು. ಭದ್ರತೆಯ ನಿಯಮ ಬರೆಯುವ ಕೊಠಡಿಯಲ್ಲಿ ರೋಗಿಯ ದನಿಯೂ ಇರಬೇಕಾದ ಅಗತ್ಯಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ನಮ್ಮಲ್ಲಿ

ಭಾರತದ ಅನುಭವ ಇನ್ನೊಂದು ದಿಕ್ಕಿನಿಂದ ಎಚ್ಚರಿಸುತ್ತದೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ರೈತರು ಸರ್ಕಾರದ ಪರವಾನಗಿಯಲ್ಲಿ ಅಫೀಮು ಬೆಳೆಯುತ್ತಾರೆ. ಆದರೂ ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯಿದೆ ಬಂದ ನಂತರ ನಮ್ಮ ಆಸ್ಪತ್ರೆಗಳಲ್ಲಿ ಮಾರ್ಫಿನ್ ಬಳಕೆ ತೀವ್ರವಾಗಿ ಕುಸಿಯಿತು. ಹಲವು ಪರವಾನಗಿಗಳ ಜಂಜಾಟ ಮತ್ತು ದೀರ್ಘ ಜೈಲುಶಿಕ್ಷೆಯ ಭಯಕ್ಕೆ ಅನೇಕ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಕಾಗದ ತಪ್ಪಿದರೆ ಅಪರಾಧಿಯಾಗುವ ಭಯದಲ್ಲಿ ನೋವು ಕಳೆಯುವ ವಿದ್ಯೆಯೇ ಒಂದು ತಲೆಮಾರಿನ ವೈದ್ಯರಿಗೆ ಅಪರಿಚಿತವಾಯಿತು. ನೋವು ಉಪಶಮನ ಚಿಕಿತ್ಸೆಯ ಹೋರಾಟಗಾರರ ವರ್ಷಗಳ ಒತ್ತಾಯದ ಬಳಿಕ 2014ರ ತಿದ್ದುಪಡಿ ‘ಅತ್ಯಗತ್ಯ ಮಾದಕ ಔಷಧ’ಗಳೆಂಬ ವರ್ಗವನ್ನು ಸೃಷ್ಟಿಸಿ, ಮಾನ್ಯತೆ ಪಡೆದ ಆಸ್ಪತ್ರೆಗಳ ದಾರಿಯನ್ನು ಸರಳಗೊಳಿಸಿತು.

ಇಂದು ಕರ್ನಾಟಕದ ಯಾವುದೇ ಮೆಡಿಕಲ್ ಶಾಪ್‌ನಲ್ಲಿ ನಮ್ಮ ಔಷಧ ನಿಯಮಗಳ ಶೆಡ್ಯೂಲ್ ಎಕ್ಸ್ ಪಟ್ಟಿಯ ಔಷಧಕ್ಕೆ ಎರಡು ಪ್ರತಿಯ ಚೀಟಿ ಬೇಕು, ಅದರಲ್ಲೊಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಶೆಡ್ಯೂಲ್ ಎಚ್1 ಔಷಧಗಳಿಗೆ ಪ್ರತ್ಯೇಕ ರಿಜಿಸ್ಟರ್, ಅದರ ಆಯಸ್ಸು ಮೂರು ವರ್ಷ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಶೆಡ್ಯೂಲ್ ಎಕ್ಸ್ ಮತ್ತು ಎನ್‌ಡಿಪಿಎಸ್ ಔಷಧಗಳನ್ನು ದೂರದಿಂದ ಬರೆಯುವುದನ್ನು ನಿಷೇಧಿಸಿದೆ. ವೈದ್ಯರ ಗುರುತನ್ನು ದೂರದಿಂದ ಗಟ್ಟಿಯಾಗಿ ಸಾಬೀತುಪಡಿಸುವ ವ್ಯವಸ್ಥೆ ಇಲ್ಲದಿದ್ದಾಗ ಈ ಎಚ್ಚರ ಸರಿಯಾದುದೇ. ಆದರೆ ಬೀದರಿನ ಹಳ್ಳಿಯಲ್ಲಿ ಮಲಗಿರುವ ಕ್ಯಾನ್ಸರ್ ರೋಗಿಯ ಕಡೆಯವರು ಮಾರ್ಫಿನ್ ಚೀಟಿಗಾಗಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಮತ್ತೆ ಮತ್ತೆ ಬರಬೇಕಾಗುವುದು ಆ ಎಚ್ಚರಕ್ಕೆ ತೆರುವ ಬೆಲೆ.

ರಾಷ್ಟ್ರೀಯ ಡಿಜಿಟಲ್ ಆರೋಗ್ಯ ವ್ಯವಸ್ಥೆ ಕಟ್ಟುತ್ತಿರುವ ಹೊತ್ತಿನಲ್ಲಿ, ಮುಂದೊಂದು ದಿನ ನಮ್ಮಲ್ಲೂ ಈ ಔಷಧಗಳಿಗೆ ಇ-ಚೀಟಿ ಬಂದೇ ಬರುತ್ತದೆ. ಆಗ ನಾವು ಮೂರನ್ನು ಕೇಳಿ ಪಡೆಯಬೇಕು. ಒಂದು, ಚೀಟಿಯ ಯಾವ ಹಂತವೂ ಒಬ್ಬರ ಕೈಯಲ್ಲೇ ಪೂರ್ತಿ ಇರಬಾರದು. ಸಹಿ, ಅನುಮೋದನೆ, ಸಂಗ್ರಹ, ಪರಿಶೋಧನೆ ಬೇರೆ ಬೇರೆಯವರಲ್ಲಿ ಹಂಚಿಹೋಗಿರಬೇಕು. ಎರಡು, ಪ್ರತಿಯೊಬ್ಬ ವೈದ್ಯರಿಗೂ ತಮ್ಮ ಹೆಸರಿನಲ್ಲಿ ಏನು ಹೋಯಿತು ಎಂಬ ಪಟ್ಟಿ ತಿಂಗಳಿಗೊಮ್ಮೆ ಸಿಗಬೇಕು. ಮೂರು, ಔಷಧ ಸಿಗದ ರೋಗಿ ಇನ್ನೊಂದು ಅಂಗಡಿಗೆ ಹೋಗುವ ದಾರಿ ಮೊದಲ ದಿನದಿಂದಲೇ ತೆರೆದಿರಬೇಕು.

ದಾಖಲೆ ಇಡುವುದನ್ನು ಪೊಲೀಸ್ ಕೆಲಸವೆಂದು ಕಂಡಾಗ ವೈದ್ಯರು ಹೆದರಿ ಪೆನ್ನು ಕೆಳಗಿಡುತ್ತಾರೆ, ನೋವಿನ ಬೆಲೆಯನ್ನು ರೋಗಿ ತೆರುತ್ತಾರೆ. ನಮ್ಮ 1985ರ ನಂತರದ ಚರಿತ್ರೆ ಅದನ್ನು ತೋರಿಸಿದೆ. ಚೆನ್ನಾಗಿ ರೂಪಿಸಿದ ದಾಖಲೆ ಇದಕ್ಕೆ ತದ್ವಿರುದ್ಧವಾದುದನ್ನು ಮಾಡಬಲ್ಲದು. ವೈದ್ಯರು ಬರೆದದ್ದನ್ನು ಬರೆದರು ಎಂದೂ ಬರೆಯದ್ದನ್ನು ಬರೆಯಲಿಲ್ಲ ಎಂದೂ ಅದು ಸಾಕ್ಷಿ ಹೇಳುತ್ತದೆ. ಆ ಸಾಕ್ಷಿ ತಮ್ಮ ಬೆನ್ನಿಗಿದೆ ಎಂದು ಗೊತ್ತಿರುವ ವೈದ್ಯರು ಮಾತ್ರ ಅಗತ್ಯವಿರುವ ರೋಗಿಗೆ, ಅಗತ್ಯವಿರುವಷ್ಟು ಮಾರ್ಫಿನ್ ಅನ್ನು ಧೈರ್ಯವಾಗಿ ಬರೆಯುತ್ತಾರೆ.